ಹಳೆಯ ಡಾರ್ತ್ ವೇಡರ್ ಗೊಂಬೆ ಸಿಕ್ಕಿದರೆ ಏನೇನು ನೋಡಬೇಕು?

ಹೋದ ತಿಂಗಳು ರಾತ್ರಿ ಊಟ ಮುಗಿಸಿ ಕೂತಿದ್ದೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗನಿಂದ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೊ ಬಂತು. ಅಡುಗೆಮನೆ ಕಟ್ಟೆಯ ಮೇಲೆ, ಸಾರಿನ ಪುಡಿ ಡಬ್ಬಿಯ ಪಕ್ಕದಲ್ಲಿ, ಬೆರಳುದ್ದದ ಒಂದು ಕಪ್ಪು ಗೊಂಬೆ ನಿಂತಿತ್ತು: ಸ್ಟಾರ್ ವಾರ್ಸ್ ಸಿನಿಮಾದ ಖಳನಾಯಕ ಡಾರ್ತ್ ವೇಡರ್. ಕೆಳಗೆ ಅವನ ಮಾತು: "ಮಾಮ, ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಒಂದು ಶೂ ಡಬ್ಬಿ ತಗೊಂಡೆ. ಐದು ಡಾಲರ್. ಒಳಗೆ ಇವನಿದ್ದ. ಅಸಲಿನಾ? ಎಷ್ಟಕ್ಕೆ ಹೋಗುತ್ತೆ?"

ಈ ಎರಡು ಪ್ರಶ್ನೆ ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಆದರೆ ಮೊದಲನೆಯದಕ್ಕೆ ಉತ್ತರ ಸಿಗುವವರೆಗೆ ಎರಡನೆಯದನ್ನು ಮುಟ್ಟಬಾರದು. ಅವತ್ತು ವಿಡಿಯೊ ಕಾಲ್‌ನಲ್ಲಿ ಒಂದು ಗಂಟೆ ಕೂತು ಆ ಗೊಂಬೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ವೇಡರ್ ಅಲ್ಲದೆ ಬೇರೆ ಹಳೆಯ ಗೊಂಬೆ ಸಿಕ್ಕಿದರೂ ಇದೇ ದಾರಿ ನಡೆಯುತ್ತದೆ.

ಮೊದಲು ಹಿನ್ನೆಲೆ ತಿಳಿದುಕೊಳ್ಳಿ

ಸ್ಟಾರ್ ವಾರ್ಸ್ ಸಿನಿಮಾ ಬಿಡುಗಡೆಯಾದದ್ದು 1977ರ ಮೇ 25ರಂದು. ಆಟಿಕೆ ಮಾಡುವ ಹಕ್ಕು ಇದ್ದದ್ದು ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿದ್ದ ಕೆನ್ನರ್ ಕಂಪನಿಗೆ. ಆ ವರ್ಷದ ಕ್ರಿಸ್‌ಮಸ್‌ಗೆ ಗೊಂಬೆಗಳು ತಯಾರಾಗಿರಲಿಲ್ಲ. ಹಾಗಾಗಿ ಕೆನ್ನರ್ "ಅರ್ಲಿ ಬರ್ಡ್" ಹೆಸರಿನಲ್ಲಿ ಒಂದು ರಟ್ಟಿನ ಲಕೋಟೆಯನ್ನೇ ಮಾರಿತು. ಅದರೊಳಗಿನ ಚೀಟಿಯನ್ನು ಅಂಚೆಯಲ್ಲಿ ಕಳಿಸಿದರೆ 1978ರಲ್ಲಿ ನಾಲ್ಕು ಗೊಂಬೆ ಮನೆಗೆ ಬರುತ್ತಿದ್ದವು: ಲ್ಯೂಕ್, ಲೇಯಾ, ಚ್ಯೂಬಾಕಾ ಮತ್ತು ಆರ್‌2-ಡಿ2. ವೇಡರ್ ಅದರಲ್ಲಿ ಇರಲಿಲ್ಲ. ಯಾರಾದರೂ "ಇದು ಅರ್ಲಿ ಬರ್ಡ್ ವೇಡರ್" ಎಂದು ಜಾಸ್ತಿ ಬೆಲೆ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ವೇಡರ್ ಅಂಗಡಿಗೆ ಬಂದದ್ದು 1978ರಲ್ಲಿ, ಮೊದಲ ಹನ್ನೆರಡು ಗೊಂಬೆಗಳ ಸಾಲಿನಲ್ಲಿ. ಆ ಒಂದೇ ವರ್ಷ ಕೆನ್ನರ್ 4 ಕೋಟಿಗೂ ಹೆಚ್ಚು ಸ್ಟಾರ್ ವಾರ್ಸ್ ಆಟಿಕೆ ಮಾರಿತು. ವೇಡರ್ 1985ರವರೆಗೂ ಮಾರಾಟದಲ್ಲಿದ್ದ. ಅಂದರೆ ಗೊಂಬೆಯ ಮೈ ಅಪರೂಪದ್ದಲ್ಲ. ಅಪರೂಪ ಯಾವುದು ಗೊತ್ತಾ? ತುದಿ ಮುರಿಯದ ಕತ್ತಿ ಮತ್ತು ಹರಿಯದ ಮೇಲಂಗಿ. ಮಕ್ಕಳು ಆಡುವಾಗ ಮೊದಲು ಕಳೆದುಹೋಗಿದ್ದು ಇವೆರಡೇ. ಇವತ್ತು ಬೆಲೆ ನಿಂತಿರುವುದೂ ಇವೆರಡರ ಮೇಲೇ. ನಕಲಿ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಮುಖವಾಡ ನೋಡಿ ಮರುಳಾಗಬೇಡಿ, ಕೈ ಮತ್ತು ಬೆನ್ನು ನೋಡಿ.

ಮೇಜು ಸಿದ್ಧ ಮಾಡಿಕೊಳ್ಳಿ

ಬಿಳಿ ಬಟ್ಟೆ ಅಥವಾ ಬಿಳಿ ಹಾಳೆ ಹಾಸಿ. ಕಪ್ಪು ಗೊಂಬೆಯ ಮೇಲಿನ ಗೀರು ಅದರ ಮೇಲೆ ಎದ್ದು ಕಾಣುತ್ತದೆ. ಕಿಟಕಿ ಬೆಳಕು ಎಲ್ಲಕ್ಕಿಂತ ಒಳ್ಳೆಯದು. ಒಂದು ಭೂತಗನ್ನಡಿ, ಒಂದು ಸಣ್ಣ ಟಾರ್ಚ್, ಒಂದು ಸ್ಕೇಲ್ ಸಾಕು. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಕೈಗೆ ಎಣ್ಣೆ, ಕ್ರೀಮ್ ಏನೂ ಇರಬಾರದು.

ಗೊಂಬೆ ಬಂದ ಡಬ್ಬಿಯನ್ನು ಮಾತ್ರ ಬಿಸಾಡಬೇಡಿ. ತಳದ ಕಸವನ್ನು ಹಾಳೆಯ ಮೇಲೆ ಸುರಿದು ಬೆರಳಲ್ಲಿ ಹರಡಿ ನೋಡಿ. ನನ್ನ ಅಳಿಯ ಹಾಗೆ ಮಾಡಿದಾಗ ಕ್ರೆಯಾನ್ ಚೂರು, ಒಂದು ಗುಂಡಿ, ಒಣಗಿದ ರಬ್ಬರ್ ಬ್ಯಾಂಡ್ ನಡುವೆ ಉಗುರಷ್ಟು ಉದ್ದದ ಒಂದು ಕಪ್ಪು ಬಂದೂಕು ಸಿಕ್ಕಿತು. ಅದು ವೇಡರ್‌ದಲ್ಲ, ಬೇರೆ ಯಾವುದೋ ಗೊಂಬೆಯದು. ಆದರೂ ಅಂಥ ಒಂದು ಚೂರಿಗೆ ಕಾಯುತ್ತಿರುವ ಸಂಗ್ರಹಕಾರರು ಎಷ್ಟೋ ಜನ ಇರುತ್ತಾರೆ.

ಕಾಲಿನ ಹಿಂಭಾಗ ಓದಿ

ಗೊಂಬೆಯನ್ನು ಬೋರಲು ಮಲಗಿಸಿ. ಮೇಲಂಗಿಯನ್ನು ಎಳೆಯದೆ, ಮೆಲ್ಲಗೆ ಸರಿಸಿ. ಕಾಲಿನ ಹಿಂದೆ ಅಚ್ಚಿನಲ್ಲೇ ಮೂಡಿದ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಟಾರ್ಚನ್ನು ನೇರವಾಗಿ ಹಿಡಿದರೆ ಅವು ಕಾಣುವುದಿಲ್ಲ. ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಆಗ ಅಕ್ಷರದ ನೆರಳು ಬಿದ್ದು ಓದಲು ಬರುತ್ತದೆ.

ಅಲ್ಲಿ ಜಿ.ಎಂ.ಎಫ್.ಜಿ.ಐ. ಎಂಬ ಐದು ಅಕ್ಷರ ಮತ್ತು 1977 ಎಂಬ ಇಸವಿ ಇರಬೇಕು. ಜನರಲ್ ಮಿಲ್ಸ್ ಫನ್ ಗ್ರೂಪ್ ಇನ್‌ಕಾರ್ಪೊರೇಟೆಡ್ ಎಂಬುದರ ಗಿಡ್ಡ ರೂಪ ಅದು. ಬೆಳಗಿನ ತಿಂಡಿಯ ಸೀರಿಯಲ್ ಮಾರುವ ಜನರಲ್ ಮಿಲ್ಸ್ ಕಂಪನಿಯೇ ಆಗ ಕೆನ್ನರ್‌ಗೆ ಯಜಮಾನ. ಜೊತೆಗೆ ಹಾಂಗ್‌ಕಾಂಗ್ ಎಂಬಂತೆ ತಯಾರಾದ ಜಾಗದ ಹೆಸರಿರಬಹುದು. ಈ ಸಾಲಿನ ಕೆಲವು ಅಚ್ಚುಗಳಲ್ಲಿ ಜಾಗದ ಹೆಸರನ್ನು ಕೆರೆದು ತೆಗೆದಿದ್ದಾರೆ, ಅಲ್ಲಿ ಬರೀ ಗಾಯದಂಥ ಕಲೆ ಉಳಿದಿರುತ್ತದೆ. ಅದು ನಕಲಿಯ ಗುರುತಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಕಾಲ ಮೇಲಿನ 1977 ಹಕ್ಕುಸ್ವಾಮ್ಯದ ಇಸವಿ, ಗೊಂಬೆ ತಯಾರಾದ ಇಸವಿ ಅಲ್ಲ. 1978ರಲ್ಲಿ ಮಾರಿದ ವೇಡರ್‌ಗೂ 1984ರಲ್ಲಿ ಮಾರಿದ ವೇಡರ್‌ಗೂ ಕಾಲ ಮೇಲೆ ಅದೇ ಇಸವಿ ಇರಬಹುದು. ಆದ್ದರಿಂದ "1977ರ ಮೊದಲ ಗೊಂಬೆ" ಅಂತ ಯಾರಾದರೂ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ.

ಅಕ್ಷರ ಬೇರೆ ಇದ್ದರೆ? 1995ರಲ್ಲಿ ಕೆನ್ನರ್ ಹೆಸರಿನಲ್ಲೇ ಹೊಸ ಸಾಲು ಬಂತು. ಆ ವೇಡರ್ ದಪ್ಪ ಭುಜದ, ಮೈಕಟ್ಟಿನ ಆಳು, ನೋಡಿದ ತಕ್ಷಣ ಗೊತ್ತಾಗುತ್ತಾನೆ. ಅವನನ್ನು ರಾಶಿ ರಾಶಿ ಮಾಡಿ ಮಾರಿದರು, ಜನ ಕೊಂಡು ಪ್ಯಾಕೆಟ್ ಒಡೆಯದೆ ಇಟ್ಟರು, ಹಾಗಾಗಿ ಬೆಲೆ ಏರಲೇ ಇಲ್ಲ. ನಿಜವಾಗಿ ಕಣ್ಣು ತಪ್ಪಿಸುವುದು 2019ರ ಗೊಂಬೆ. ಹ್ಯಾಸ್ಬ್ರೊ ಕಂಪನಿ ಆ ವರ್ಷ "ರೆಟ್ರೊ ಕಲೆಕ್ಷನ್" ಎಂದು ಹಳೆಯ ಕೆನ್ನರ್ ಗೊಂಬೆಗಳ ರೂಪವನ್ನೇ ಮತ್ತೆ ತಂದಿತು. ಅದರ ಕಾರ್ಡಿನ (ಗೊಂಬೆಯನ್ನು ಅಂಟಿಸಿ ಮಾರುವ ರಟ್ಟು) ಮೇಲೆ ಹಳತಾದಂತೆ ಕಾಣುವ ಸವೆತವನ್ನೂ ಮುದ್ರಿಸಿದ್ದರು! ಕಂಪನಿ ಮೋಸಕ್ಕೆ ಮಾಡಿದ್ದಲ್ಲ, ಹಳೆ ನೆನಪಿಗೆ ಮಾಡಿದ್ದು. ಆದರೆ ಕಾರ್ಡಿನಿಂದ ಬಿಚ್ಚಿ, ಮಬ್ಬು ಫೋಟೊ ತೆಗೆದು ಹಾಕಿದರೆ ಹೊಸಬರು ಮೋಸ ಹೋಗುತ್ತಾರೆ. ಅದಕ್ಕೇ ಕಾಲಿನ ಹಿಂಭಾಗದ ಫೋಟೊ ಕೊಡದ ಮಾರಾಟಗಾರರಿಂದ ಕೊಳ್ಳಲೇಬೇಡಿ.

ಬಲಗೈ ನೋಡಿ: ಇಲ್ಲಿ ಆತುರ ಬೇಡ

ವೇಡರ್‌ನ ಲೈಟ್‌ಸೇಬರ್, ಅಂದರೆ ಸಿನಿಮಾದ ಬೆಳಕಿನ ಕತ್ತಿ, ಈ ಗೊಂಬೆಯಲ್ಲಿ ಬೇರೆಯಾಗಿ ಕೈಗೆ ಸಿಕ್ಕಿಸುವಂಥದ್ದಲ್ಲ. ಬಲಗೈಯ ಒಳಗೇ ಅಡಗಿರುತ್ತದೆ. ತೋಳಿನ ಕೆಳಭಾಗದಲ್ಲಿ ಒಂದು ಸಣ್ಣ ಗುಬುಟು ಇದೆ, ಅದನ್ನು ಮುಂದಕ್ಕೆ ತಳ್ಳಿದರೆ ಕೆಂಪು ಕತ್ತಿ ಮುಷ್ಟಿಯಿಂದ ಹೊರಗೆ ಬರುತ್ತದೆ. ಲ್ಯೂಕ್‌ಗೆ ಹಳದಿ, ಬೆನ್ ಕೆನೋಬಿಗೆ ನೀಲಿ, ಇವನಿಗೆ ಕೆಂಪು.

ತಳ್ಳುವ ಮುಂಚೆ ಸುಮ್ನೆ ನೋಡಿ. ಕತ್ತಿಯ ಬುಡ ದಪ್ಪ, ತುದಿ ಕಡ್ಡಿಯ ಹಾಗೆ ಸಪೂರ. ಆ ಸಪೂರ ತುದಿಯೇ ಮುರಿಯುವುದು. ಮುರಿದ ತುದಿಯನ್ನು ಕೆಲವರು ಬ್ಲೇಡಿನಿಂದ ಹೆರೆದು ಚೂಪು ಮಾಡಿರುತ್ತಾರೆ. ಭೂತಗನ್ನಡಿಯಲ್ಲಿ ಹೆರೆದ ಗುರುತು ಚಪ್ಪಟೆ ಚಪ್ಪಟೆಯಾಗಿ ಕಾಣುತ್ತದೆ. ಅಚ್ಚಿನಿಂದ ಬಂದ ತುದಿ ನುಣುಪಾಗಿ, ಸುತ್ತಲೂ ಒಂದೇ ಸಮನಾಗಿರುತ್ತದೆ. ಅಳಿಯನ ವೇಡರ್‌ಗೆ ತುದಿಯೇ ಇರಲಿಲ್ಲ, ಮೊಂಡಾಗಿ ಮುರಿದಿತ್ತು. ಅವನಿಗೆ ಬೇಜಾರಾಯಿತು. ಮೊಂಡಾದರೂ ಮುಚ್ಚುಮರೆ ಇಲ್ಲದ ಕತ್ತಿ, ಹೆರೆದು ಚೂಪು ಮಾಡಿದ ಕತ್ತಿಗಿಂತ ಎಷ್ಟೋ ವಾಸಿ ಎಂದು ಹೇಳಿದೆ.

ಈಗ ಗುಬುಟನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ತಳ್ಳಿ. ಬಿಗಿಯಾಗಿದ್ದರೆ ಒತ್ತಾಯ ಮಾಡಬೇಡಿ. ನಲವತ್ತು ವರ್ಷ ದಾಟಿದ ಪ್ಲಾಸ್ಟಿಕ್ ಅದು. ನಕಲಿ ಕತ್ತಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ: ಒಂದೋ ತೀರಾ ಸಡಿಲವಾಗಿ ಜಾರಿ ಬೀಳುತ್ತದೆ, ಇಲ್ಲವೇ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ. ಬಣ್ಣದಲ್ಲಿ ಹೊಸ ಪ್ಲಾಸ್ಟಿಕ್ಕಿನ ಮಿನುಗು ಇರುತ್ತದೆ, ಅಚ್ಚಿನ ಎರಡು ಭಾಗ ಸೇರುವ ಗೆರೆ ಒರಟಾಗಿರುತ್ತದೆ, ತುದಿ ಬೇಕಾದ್ದಕ್ಕಿಂತ ದಪ್ಪ ಇರುತ್ತದೆ. ಅಸಲಿ ಎಂದು ಖಾತ್ರಿ ಇರುವ ಇನ್ನೊಂದು ಕತ್ತಿ ಪಕ್ಕದಲ್ಲಿ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ನೀರಿಗೆ ಹಾಕಿ ತೇಲುತ್ತಾ ಮುಳುಗುತ್ತಾ ನೋಡಿ ಎಂದು ಕೆಲವರು ಹೇಳುತ್ತಾರೆ. ಮುಳುಗುವ ಅಸಲಿಯೂ ಉಂಟು, ತೇಲುವ ನಕಲಿಯೂ ಉಂಟು. ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಇನ್ನು ಎಲ್ಲರೂ ಕನಸು ಕಾಣುವ ವಿಷಯ, ಡಬಲ್ ಟೆಲಿಸ್ಕೋಪಿಂಗ್ ಕತ್ತಿ. ತೀರಾ ಆರಂಭದ ಕೆಲವೇ ಗೊಂಬೆಗಳಲ್ಲಿ ಕತ್ತಿ ಎರಡು ಹಂತದಲ್ಲಿ ಹೊರಬರುತ್ತಿತ್ತು. ಮೊದಲು ದಪ್ಪ ಭಾಗ ಬರುತ್ತದೆ, ಆಮೇಲೆ ಅದರ ಹೊಟ್ಟೆಯೊಳಗಿಂದ ಸಪೂರ ಕಡ್ಡಿ ಹೊರಗೆ ಜಾರುತ್ತದೆ. ಹಳೆ ರೇಡಿಯೊದ ಏರಿಯಲ್ ಎಳೆದಂತೆ. ಲ್ಯೂಕ್, ಬೆನ್, ವೇಡರ್ ಮೂವರಿಗೂ ಇದಿತ್ತು. ಲ್ಯೂಕ್‌ದು ಆಗೀಗ ಸಿಗುತ್ತದೆ, ಬೆನ್ ಮತ್ತು ವೇಡರ್‌ದು ಸಿಗುವುದು ಬಹಳ ಕಷ್ಟ. ಕಾರ್ಡಿನಲ್ಲೇ ಉಳಿದ ಅಂಥ ವೇಡರ್ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಗುರುತಿಸುವುದು ಹೀಗೆ: ದಪ್ಪ ಭಾಗ ಮುಗಿದು ಸಪೂರ ಭಾಗ ಶುರುವಾಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಮಾಮೂಲಿ ಕತ್ತಿಯಲ್ಲಿ ಅದು ಒಂದೇ ತುಂಡು. ಡಬಲ್‌ನಲ್ಲಿ ದಪ್ಪ ಭಾಗ ಟೊಳ್ಳು, ಸಪೂರ ಭಾಗ ಬೇರೆ ತುಂಡು. ಬೆಲೆ ಇಷ್ಟಿರುವಲ್ಲಿ ನಕಲಿಯೂ ಇರುತ್ತದೆ ಅಲ್ವಾ? ಹಾಗಾಗಿ ಇಂಥದ್ದು ನಿಮ್ಮ ಕೈಗೆ ಬಂತು ಅನಿಸಿದರೆ ಕತ್ತಿಯನ್ನು ಒಳಗೆ ಹೊರಗೆ ಆಡಿಸುವುದನ್ನು ನಿಲ್ಲಿಸಿ, ಫೋಟೊ ತೆಗೆದು ತಿಳಿದವರಿಗೆ ತೋರಿಸಿ.

ಮೇಲಂಗಿ

ನನ್ನ ಮೊದಲ ವೇಡರನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೆ. "ಪೂರ್ತಿ ಇದೆ, ಎಲ್ಲಾ ಒರಿಜಿನಲ್" ಎಂದು ಬರೆದಿದ್ದರು. ಕವರ್ ಒಡೆದ ತಕ್ಷಣ ಹೊಸ ರೇನ್‌ಕೋಟಿನ ವಾಸನೆ ಮೂಗಿಗೆ ಬಡಿಯಿತು. ಗೊಂಬೆ ಹಳೆಯದೇ, ಕತ್ತಿಯೂ ಹಳೆಯದೇ. ಮೇಲಂಗಿ ಮಾತ್ರ ಮೊನ್ನೆ ಮೊನ್ನೆ ಕತ್ತರಿಸಿದ್ದು. ತೋಳಿನ ತೂತುಗಳಲ್ಲಿ ಒಂದು ದೊಡ್ಡದು, ಇನ್ನೊಂದು ಸಣ್ಣದು, ಅಂಚಿನಲ್ಲಿ ಕತ್ತರಿ ನಿಂತು ನಿಂತು ಹೋದ ಗುರುತು. ಅವತ್ತಿನಿಂದ ನಾನು ಮೇಲಂಗಿಯನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ನೋಡುತ್ತೇನೆ.

ಅಸಲಿ ಮೇಲಂಗಿ ತೆಳು ಕಪ್ಪು ವಿನೈಲ್ ಹಾಳೆ. ಹೊಲಿಗೆ ಇಲ್ಲ. ತೋಳು ತೂರಿಸಲು ಎರಡು ತೂತು. ಯಂತ್ರದಲ್ಲಿ ಕತ್ತರಿಸಿದ್ದರಿಂದ ಅಂಚು ಒಂದೇ ಸಮ. ಹರಿಯುವುದು ಸಾಮಾನ್ಯವಾಗಿ ತೋಳಿನ ತೂತಿನಿಂದ ಹೊರ ಅಂಚಿನ ಕಡೆಗೆ. ತೂತಿನ ಸುತ್ತ ಟಾರ್ಚ್ ಹಿಡಿದು ಕೂದಲೆಳೆಯಂಥ ಬಿರುಕು ಹುಡುಕಿ. ಅಂಟು ಹಾಕಿ ಮುಚ್ಚಿದ್ದರೆ ಅಲ್ಲಿ ಮಾತ್ರ ಹೊಳಪು ಬೇರೆ ಇರುತ್ತದೆ.

ನೋಡಲಿಕ್ಕೆಂದು ಮೇಲಂಗಿ ಕಳಚುವುದು ದೊಡ್ಡ ತಪ್ಪು. ಹಳೆ ವಿನೈಲ್ ಗಟ್ಟಿಯಾಗಿರುತ್ತದೆ, ಕಳಚುವಾಗಲೇ ಹರಿಯುತ್ತದೆ. ಮೈಮೇಲೆ ಇದ್ದಂತೆಯೇ ನೋಡಿ.

ಇದೇ ಸಾಲಿನ ಜಾವಾ ಎಂಬ ಪುಟ್ಟ ಗೊಂಬೆಯ ಕಥೆ ಇಲ್ಲಿ ನೆನಪಿಡಬೇಕು. ಅದಕ್ಕೂ ಮೊದಲು ವಿನೈಲ್ ಮೇಲಂಗಿಯೇ ಇತ್ತು. ಬೇಗನೆ ಬಟ್ಟೆಯದಕ್ಕೆ ಬದಲಾಯಿಸಿದರು. ಹಾಗಾಗಿ ವಿನೈಲ್ ಜಾವಾಗೆ ಬೆಲೆ ಎಷ್ಟೋ ಪಟ್ಟು. ಬೆನ್ ಕೆನೋಬಿಯ ಕಂದು ಮೇಲಂಗಿಯನ್ನು ಕತ್ತರಿಸಿ ಜಾವಾಗೆ ಹೊದಿಸಿ ಮಾರುವ ಮೋಸ ಹಿಂದಿನಿಂದಲೂ ಇದೆ. ವೇಡರ್ ವಿಷಯದಲ್ಲಿ ಅಷ್ಟು ಹಣ ಇಲ್ಲ, ಆದರೆ ಕತ್ತರಿ ಅದೇ.

ಮೈ, ಕೀಲು, ಬಣ್ಣ

ಇದು ಬೇಗ ಮುಗಿಯುತ್ತದೆ. ತಲೆ, ಎರಡು ಕೈ, ಎರಡು ಕಾಲು, ಒಟ್ಟು ಐದು ಕೀಲು. ಗೊಂಬೆಯ ಸೊಂಟ ಹಿಡಿದು ಕಾಲನ್ನು ಮುಂದಕ್ಕೆ ಎತ್ತಿ ಬಿಡಿ. ಎತ್ತಿದಲ್ಲೇ ನಿಂತರೆ ಕೀಲು ಬಿಗಿ ಇದೆ. ಜೋತು ಬಿದ್ದರೆ ಸಡಿಲ. ಗಾಜಿನ ಮೇಲೆ ನಿಲ್ಲಿಸಿ, ಆಸರೆ ಇಲ್ಲದೆ ನಿಲ್ಲುತ್ತಾನಾ ನೋಡಿ.

ಮೈಯೆಲ್ಲಾ ಕಪ್ಪು ಪ್ಲಾಸ್ಟಿಕ್ಕೇ ಆದ್ದರಿಂದ ಬಣ್ಣ ಹೋಗಿದ್ದು ಕಾಣುವುದು ಎದೆಯ ಪೆಟ್ಟಿಗೆ ಮತ್ತು ಸೊಂಟಪಟ್ಟಿಯ ಮೇಲೆ. ಅಲ್ಲಿನ ಬೊಟ್ಟುಗಳು ಗುಂಡುಪಿನ್ನಿನ ತಲೆಯಷ್ಟಿರುತ್ತವೆ. ಈಚೆಗೆ ಹಚ್ಚಿದ ಬಣ್ಣ ಅಂಚು ಮೀರಿ ಹರಡಿರುತ್ತದೆ, ಸುತ್ತಲಿನ ಹಳೆ ಬಣ್ಣಕ್ಕಿಂತ ಕಣ್ಣಿಗೆ ಹೊಡೆಯುತ್ತದೆ. ಶಿರಸ್ತ್ರಾಣದ ಅಂಚಿನಲ್ಲಿ ಉಜ್ಜಿದ ಹೊಳಪು ಇದ್ದರೆ ಅದು ಆಟದ ಗುರುತು. ಕೈಕಾಲಿನ ಮೇಲೆ ಬೂಷ್ಟು ಹಿಡಿದಂತೆ ಬೆಳ್ಳಗಿನ ಪೊರೆ ಕಂಡರೆ, ಮೆತ್ತಗಿರಲೆಂದು ವಿನೈಲಿಗೆ ಬೆರೆಸಿದ ವಸ್ತು ಹೊರಗೆ ಬರುತ್ತಿದೆ ಎಂದು ಅರ್ಥ. ಒರೆಸಿದರೆ ಹೋಗುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ.

ಕೊಳೆ ಇದ್ದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆಯ ಟೂತ್‌ಬ್ರಶ್. ಬಣ್ಣದ ಬೊಟ್ಟು ಮತ್ತು ಬಲಗೈಯನ್ನು ಬಿಟ್ಟುಬಿಡಿ. ನೈಲ್ ಪಾಲಿಶ್ ರಿಮೂವರ್ ಹತ್ತಿರ ಕೂಡ ತರಬೇಡಿ, ಅದು ಬಣ್ಣವನ್ನಷ್ಟೇ ಅಲ್ಲ, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬಣ್ಣ ಹಚ್ಚುವುದು, ತುದಿ ಅಂಟಿಸುವುದು, ಬಾಗಿದ ಕತ್ತಿಯನ್ನು ಬಿಸಿನೀರಲ್ಲಿ ನೆಟ್ಟಗೆ ಮಾಡುವುದು ಯಾವುದೂ ಬೇಡ. ಮಾರುವಾಗ ನೀವು ಅದನ್ನು ಹೇಳಲೇಬೇಕಾಗುತ್ತದೆ, ಹೇಳಿದ ತಕ್ಷಣ ಬೆಲೆ ಇಳಿಯುತ್ತದೆ.

ಕಾರ್ಡ್ ಸಮೇತ ಇದ್ದರೆ

ಆಗ ಆಟವೇ ಬೇರೆ. ಕಾರ್ಡಿನ ಹಿಂದೆ ಎಷ್ಟು ಗೊಂಬೆಗಳ ಚಿತ್ರ ಇದೆ ಎಣಿಸಿ. ಹನ್ನೆರಡಿದ್ದರೆ ಅದು ಮೊದಲ ಕಾಲದ್ದು, ಸಂಗ್ರಹಕಾರರು "ಟ್ವೆಲ್ವ್ ಬ್ಯಾಕ್" ಅನ್ನುತ್ತಾರೆ. ಆಮೇಲೆ ಇಪ್ಪತ್ತು, ಇಪ್ಪತ್ತೊಂದು ಎಂದು ಸಂಖ್ಯೆ ಏರುತ್ತದೆ. 1980ರಲ್ಲಿ ಎರಡನೇ ಸಿನಿಮಾದ ಹೆಸರು, 1983ರಲ್ಲಿ ಮೂರನೆಯದರ ಹೆಸರು ಕಾರ್ಡಿನ ಮೇಲೆ ಬಂತು. 1985ರ ಸಾಲಿನಲ್ಲಿ ಜೊತೆಗೆ ಒಂದು ಲೋಹದ ಬಣ್ಣದ ನಾಣ್ಯ ಇತ್ತು. ಬ್ರಿಟನ್ನಿನ ಪ್ಯಾಲಿಟಾಯ್ ಹೆಸರು ಅಥವಾ ಮೂರು ಭಾಷೆಯ ಲೋಗೊ ಕಂಡರೆ ನಕಲಿ ಎಂದು ತಳ್ಳಬೇಡಿ, ಯುರೋಪಿನಲ್ಲಿ ಮಾರಿದ್ದು ಹಾಗೆಯೇ.

ಕಾರ್ಡಿನಲ್ಲಿ ಚೌಕಾಕಾರದ ತೂತು ಬಿದ್ದಿದ್ದರೆ ಗಾಬರಿ ಬೇಡ. ಕಾರ್ಡಿನಿಂದ "ಪ್ರೂಫ್ ಆಫ್ ಪರ್ಚೇಸ್" (ಕೊಂಡದ್ದಕ್ಕೆ ಸಾಕ್ಷಿ) ಚೀಟಿ ಕತ್ತರಿಸಿ ಕಳಿಸಿದರೆ ಹೊಸ ಗೊಂಬೆ ಕೊಡುವ ಯೋಜನೆಗಳಿದ್ದವು. 1979ರಲ್ಲಿ ಇಂಥ ನಾಲ್ಕು ಚೀಟಿಗೆ ಬೋಬಾ ಫೆಟ್ ಗೊಂಬೆ ಬರುತ್ತಿತ್ತು. ಯಾವುದೋ ಮಗು ಕತ್ತರಿ ಹಿಡಿದು ಕೂತಿದ್ದರ ಗುರುತು ಅದು. ಬೆಲೆ ಇಳಿಯುತ್ತದೆ, ಆದರೆ ಅಸಲಿತನಕ್ಕೆ ಏನೂ ಆಗುವುದಿಲ್ಲ.

ಭಯಪಡಬೇಕಾದ್ದು ಬಬಲ್, ಅಂದರೆ ಕಾರ್ಡಿನ ಮೇಲೆ ಗೊಂಬೆಯನ್ನು ಮುಚ್ಚಿರುವ ಪ್ಲಾಸ್ಟಿಕ್ ಗುಳ್ಳೆ, ಮತ್ತೆ ಅಂಟಿಸಿದ್ದರೆ. ಪಾರದರ್ಶಕ ಬಬಲ್ಲಿನ ಅಂಚಿನ ಸುತ್ತ ಟಾರ್ಚ್ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯ ಅಂಟು ತೆಳುವಾಗಿ, ಒಂದೇ ಸಮ ಹರಡಿರುತ್ತದೆ. ಮನೆಯ ಅಂಟು ಗಂಟು ಗಂಟಾಗಿ, ಕೆಲವೆಡೆ ಹೊರಗೆ ಚೆಲ್ಲಿರುತ್ತದೆ, ಪಕ್ಕದಲ್ಲಿ ಕಾಗದದ ಮೇಲ್ಪದರ ಕಿತ್ತ ಗುರುತು ಇರುತ್ತದೆ. ಕಾರ್ಡೇ ನಕಲಿ ಇರಬಹುದು ಅನಿಸಿದರೆ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಕಪ್ಪು ಅಕ್ಷರ ಗಟ್ಟಿಯಾಗಿ, ಅಂಚು ಚೂಪಾಗಿ ಕೂತಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರೆ ಅಕ್ಷರವೂ ಬಣ್ಣದ ಚುಕ್ಕಿಗಳಿಂದಲೇ ಆಗಿರುತ್ತದೆ.

ಈಗ ಬೆಲೆ

ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಹುಡುಕಿ, ಆದರೆ "ಮಾರಾಟವಾದವು" ಎಂಬ ಪಟ್ಟಿಯನ್ನು ಮಾತ್ರ ತೆರೆಯಿರಿ. ಕೇಳುವ ಬೆಲೆ ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆಯಬಹುದು. ನಿಮ್ಮ ಗೊಂಬೆಯಂಥ ಸ್ಥಿತಿಯ ಐದಾರು ಮಾರಾಟ ನೋಡಿ, ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಉಳಿದದ್ದರಿಂದ ಅಂದಾಜು ಮಾಡಿ. ಕತ್ತಿ, ಮೇಲಂಗಿ ಎರಡೂ ಇಲ್ಲದ ವೇಡರ್‌ಗೆ ಪೂರ್ತಿ ವೇಡರ್‌ನ ಬೆಲೆಯಲ್ಲಿ ಸಣ್ಣ ಪಾಲು ಮಾತ್ರ ಸಿಗುತ್ತದೆ.

ಎಎಫ್‌ಎ ಎಂಬ ಅಮೆರಿಕದ ಸಂಸ್ಥೆ ಗೊಂಬೆಯನ್ನು ಪರೀಕ್ಷಿಸಿ, 100ಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. 85 ಬಂದರೆ ತುಂಬಾ ಒಳ್ಳೆಯ ಸ್ಥಿತಿ. ಆದರೆ ಮಾಮೂಲಿ ಬಿಡಿ ವೇಡರ್‌ಗೆ ಆ ಖರ್ಚು ದಂಡ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡಿನಲ್ಲಿರುವುದಕ್ಕೆ, ಡಬಲ್ ಕತ್ತಿಯದಕ್ಕೆ ಮಾತ್ರ ಮಾಡಿಸಿ.

ಭಾರತಕ್ಕೆ ಪಾರ್ಸೆಲ್ ತರಿಸುವವರು ಸುಂಕವನ್ನೂ ಲೆಕ್ಕಕ್ಕೆ ತಗೊಳ್ಳಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಕೊಳ್ಳುವ ಮುಂಚೆ ಈಗಿನ ದರ ನೋಡಿಕೊಳ್ಳಿ. ನಮ್ಮ ಕಡೆ ಅಟ್ಟದ ಮೇಲೆ ಹುಡುಕುವವರಿಗೆ ಕೆನ್ನರ್ ವೇಡರ್‌ಗಿಂತ ಫನ್‌ಸ್ಕೂಲ್ ಕಂಪನಿ ಇಲ್ಲೇ ಮಾಡಿದ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳ ಸಾಲಿನ ಕೋಬ್ರಾ ಖಳರು ಸಿಗುವ ಸಾಧ್ಯತೆ ಜಾಸ್ತಿ. ಅವುಗಳನ್ನು ಹುಡುಕಿಕೊಂಡು ಕೊಳ್ಳುವ ಹೊರದೇಶದವರಿದ್ದಾರೆ. ಹಳೆ ಸಾಮಾನಿನವನಿಗೆ ತೂಕಕ್ಕೆ ಹಾಕುವ ಮುಂಚೆ ಮೈಮೇಲಿನ ಅಕ್ಷರ ಒಮ್ಮೆ ಓದಿ.

ಅಳಿಯನ ವೇಡರ್ ಲೆಕ್ಕ ಹೀಗೆ ಬಂತು: ಕಾಲ ಮೇಲಿನ ಅಕ್ಷರ ಸರಿ. ಕತ್ತಿ ಅಸಲಿ, ತುದಿ ಇಲ್ಲ. ಮೇಲಂಗಿ ಅಸಲಿ, ಎಡತೋಳಿನ ತೂತಿನಲ್ಲಿ ಒಂದು ಸಣ್ಣ ಹರಕು. ಎರಡೂ ಕಾಲು ಸಡಿಲ. ದೊಡ್ಡ ದುಡ್ಡಿನದಲ್ಲ, ಆದರೆ ಒಂದು ಚೂರೂ ನಕಲಿ ಇಲ್ಲ. "ಮಾರಲ್ಲ ಮಾಮ, ಡಿಸೆಂಬರ್‌ನಲ್ಲಿ ಬರುವಾಗ ತರ್ತೀನಿ" ಅಂದ. ಕತ್ತಿ ಪೂರ್ತಿ ಒಳಗಿರಲಿ, ಕೈಗಳು ಕೆಳಗಿರಲಿ, ಮೇಲಂಗಿ ಮಡಚದಂತೆ ಗಟ್ಟಿ ಡಬ್ಬಿಯಲ್ಲಿ ಮಲಗಿಸು, ಸುತ್ತಲೂ ಬಿಳಿ ಟಿಶ್ಯೂ ತುಂಬು, ಬಬಲ್ ರ‍್ಯಾಪ್ ಮೈಗೆ ತಾಗಿಸಬೇಡ, ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ತಾ ಎಂದು ಹೇಳಿದ್ದೇನೆ.